ಹಸಿ ಹೊಗೆಸೊಪ್ಪಿನ ಕಾಯಿಲೆ ಯಾರ ಕಡತದಲ್ಲಿದೆ?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುರಿಯುವ ಕಾಲವೂ ಮುಂಗಾರು ಮಳೆಯ ಕಾಲವೂ ಒಂದೇ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ನಾಟಿಯಾದ ವರ್ಜೀನಿಯಾ ತಂಬಾಕು ಜುಲೈ ಹೊತ್ತಿಗೆ ಬುಡದ ಎಲೆಯಿಂದ ಮಾಗತೊಡಗುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ, ಹೆಚ್ಚುಕಡಿಮೆ ವಾರಕ್ಕೊಂದು ಸಲ, ಪ್ರತಿ ಗಿಡದಿಂದ ಮಾಗಿದ ಎರಡು ಮೂರು ಎಲೆಗಳನ್ನಷ್ಟೇ ಮುರಿದು, ಕಂಕುಳಲ್ಲಿ ಒತ್ತಿಕೊಂಡು ಸಾಲಿನ ಕೊನೆಗೆ ತಂದು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು, ಎಲೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಹದ ಮಾಡುವ ಮನೆಯಾದ ಬ್ಯಾರನ್ ಮುಂದೆ ಕುಳಿತು ಕಡ್ಡಿಗೆ ಕಟ್ಟಬೇಕು. ಬೆಳಗಿನ ಜಾವ ಶುರುವಾದ ಈ ಕೆಲಸ ಮುಗಿಯುವಷ್ಟರಲ್ಲಿ ಸೀರೆಯ ಮೇಲೆ ತೊಟ್ಟ ಹಳೆಯ ಅಂಗಿ ಎದೆಯವರೆಗೆ ನೆನೆದಿರುತ್ತದೆ. ಬೆರಳುಗಳಿಗೆ ಕರಿಯ ಅಂಟು ಮೆತ್ತಿರುತ್ತದೆ. ಅಂದು ಸಂಜೆಯೋ ರಾತ್ರಿಯೋ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ತಲೆ ಸುತ್ತುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ. ಮನೆಯವರು ಪಿತ್ತ ಎನ್ನುತ್ತಾರೆ, ಬಿಸಿಲು ಎನ್ನುತ್ತಾರೆ, ಎರಡು ದಿನ ಹಿಂದೆ ಹೊಡೆದ ಔಷಧಿಯ ಗಾಳಿ ತಗುಲಿರಬೇಕು ಎನ್ನುತ್ತಾರೆ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ: ಹಸಿರು ತಂಬಾಕು ಕಾಯಿಲೆ. ಎಲೆಯ ಮೇಲ್ಮೈಯಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗಿ, ಚರ್ಮದ ಮೂಲಕ ರಕ್ತಕ್ಕೆ ಸೇರುವುದರಿಂದ ಬರುವ ವಿಷಬಾಧೆ ಇದು. ಬೀಡಿ ಸೇದದ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕದ ವ್ಯಕ್ತಿಗೂ ಬರುತ್ತದೆ. ನೋಡಹೋದರೆ ಅವರಿಗೇ ಹೆಚ್ಚು ಬರುತ್ತದೆ. ಎಲೆಯಲ್ಲಿ ನಿಕೋಟಿನ್ ಹೇಗೆ ಹೆಚ್ಚುತ್ತದೆ ಎಂಬುದು ಬೆಳೆ ವಿಜ್ಞಾನಿಗೆ ಗೊತ್ತು. ಕೆಲಸಗಾರರು ರಕ್ಷಣೆಯ ಉಡುಪು ಏಕೆ ತೊಡುವುದಿಲ್ಲ ಎಂಬುದು ಕೆಲಸದ ಸ್ಥಳದ ನಡವಳಿಕೆಯನ್ನು ಅಧ್ಯಯನ ಮಾಡುವವರಿಗೆ ಗೊತ್ತು. ನಿಕೋಟಿನ್ ಮೈಯೊಳಗೆ ಏನು ಮಾಡುತ್ತದೆ ಎಂಬುದು ವೈದ್ಯರಿಗೆ ಗೊತ್ತು. ಈ ಮೂರು ಬಗೆಯ ಸಂಶೋಧನೆಗಳು ಒಂದೇ ಎಲೆಯ ಸುತ್ತ ದಶಕಗಳಿಂದ ನಡೆದಿದ್ದರೂ ಅವು ಒಂದುಗೂಡಬೇಕಾದ ಜಾಗದಲ್ಲಿ, ಅಂದರೆ ಸೊಪ್ಪು ಮುರಿಯುವವರ ಮೈಯ ವಿಷಯದಲ್ಲಿ, ಒಂದರ ತಿಳಿವಳಿಕೆ ಇನ್ನೊಂದಕ್ಕೆ ದಾಟಿಲ್ಲ. ಕಾಯಿಲೆ ಅಪರೂಪದ್ದೆಂಬ ಭಾವನೆ ಇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ತರ್ಕ.

ಕಾಯಿಲೆಯ ಮೊದಲ ವೈದ್ಯಕೀಯ ವರದಿ ಬಂದದ್ದು 1970ರಲ್ಲಿ, ಅಮೆರಿಕದ ಫ್ಲಾರಿಡಾದಿಂದ. 1974ರಲ್ಲಿ ನಾರ್ತ್ ಕೆರೊಲಿನಾದ ವೈದ್ಯರು ಅದನ್ನು ವಿವರವಾಗಿ ದಾಖಲಿಸಿದರು. ಮರುವರ್ಷವೇ ಅದೇ ತಂಡ, ತಂಬಾಕು ಬಳಸದ ಕೊಯ್ಲುಗಾರರ ಮೂತ್ರದಲ್ಲಿಯೂ ನಿಕೋಟಿನ್‌ನಿಂದ ಹುಟ್ಟುವ ಕೋಟಿನಿನ್ ಎಂಬ ವಸ್ತುವನ್ನು ತೋರಿಸಿಕೊಟ್ಟಿತು. ತಂಬಾಕಿನ ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ ಸುಮಾರು 9 ಮಿಲಿಗ್ರಾಂ ನಿಕೋಟಿನ್ ಕರಗಿರಬಹುದು, ಒದ್ದೆ ದಿನಗಳಲ್ಲಿ ಒಬ್ಬ ಕೆಲಸಗಾರನ ಮೈಗೆ 600 ಮಿಲಿಲೀಟರ್‌ನಷ್ಟು ನೀರು ತಾಗಬಹುದು ಎಂಬುದು ಆ ಸಾಲಿನ ಸಂಶೋಧನೆಗಳಿಂದ ಬಂದ ಅಂದಾಜು. ಅಂದರೆ ದಿನಕ್ಕೆ 54 ಮಿಲಿಗ್ರಾಂ. ಸುಮಾರು 36 ಸಿಗರೇಟು ಸೇದಿದಾಗ ಮೈಗೆ ಸೇರುವಷ್ಟು. ಅಷ್ಟೂ ಚರ್ಮ ದಾಟಿ ಒಳಗೆ ಹೋಗುವುದಿಲ್ಲ. ಆದರೆ ಒದ್ದೆ ಬಟ್ಟೆ ಗಂಟೆಗಟ್ಟಲೆ ಮೈಗೆ ಅಂಟಿಕೊಂಡಿದ್ದರೆ, ಬೆರಳಲ್ಲಿ ಗೀರುಗಾಯಗಳಿದ್ದರೆ, ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗಿದ್ದರೆ ಒಳಗೆ ಹೋಗುವ ಪಾಲು ಏರುತ್ತದೆ.

1992ರ ಬೇಸಿಗೆಯಲ್ಲಿ ಕೆಂಟಕಿ ರಾಜ್ಯದಲ್ಲಿ ನಡೆದದ್ದು ಆಸ್ಪತ್ರೆಯ ಪಾತ್ರವನ್ನು ಸ್ಪಷ್ಟಪಡಿಸುತ್ತದೆ. ಎರಡೇ ತಿಂಗಳಲ್ಲಿ 47 ಮಂದಿ ತಂಬಾಕು ಕೆಲಸಗಾರರು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಿದ್ದರು. 12 ಮಂದಿಯನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತು. ಇಬ್ಬರು ರಕ್ತದೊತ್ತಡ ಮತ್ತು ನಾಡಿಬಡಿತ ಕುಸಿದು ತೀವ್ರ ನಿಗಾ ಘಟಕ ಸೇರಿದರು. ಈ ಲೆಕ್ಕ ಸಿಕ್ಕಿದ್ದು ತುರ್ತು ವಿಭಾಗದ ದಾಖಲೆಗಳನ್ನು ತಿರುವಿ, ರೋಗಿ ಅಂದು ಮಾಡಿದ ಕೆಲಸ ಯಾವುದೆಂದು ಹುಡುಕಿದ್ದರಿಂದ. ಆ ಸಾಲು ದಾಖಲೆಯಲ್ಲಿ ಇಲ್ಲದೇ ಹೋಗಿದ್ದರೆ ಅವೆಲ್ಲ ವಾಂತಿ, ಸುಸ್ತು, ಬಿಸಿಲಿನ ಬಾಧೆ ಎಂಬ ಬೇರೆ ಬೇರೆ ಕಲಮುಗಳಲ್ಲಿ ಹಂಚಿಹೋಗುತ್ತಿದ್ದವು. 1990ರ ದಶಕದ ಕೊನೆಯಲ್ಲಿ ನಾರ್ತ್ ಕೆರೊಲಿನಾದ ವಲಸೆ ಕೃಷಿ ಕೂಲಿಗಳನ್ನು ಆಸ್ಪತ್ರೆಗೆ ಬರುವವರೆಗೆ ಕಾಯದೆ ಅವರ ಬಿಡಾರಗಳಿಗೇ ಹೋಗಿ ವಿಚಾರಿಸಿದಾಗ, ಒಂದು ಹಂಗಾಮಿನಲ್ಲಿ ಸುಮಾರು ಕಾಲು ಭಾಗದಷ್ಟು ಜನ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾಗಿದ್ದರೆಂದು ಕಂಡುಬಂತು. ಆಸ್ಪತ್ರೆಗೆ ಬಂದವರ ಲೆಕ್ಕಕ್ಕೂ ಹೊಲದಲ್ಲಿ ನರಳಿದವರ ಲೆಕ್ಕಕ್ಕೂ ಇರುವ ಈ ಅಂತರ ಗಮನಾರ್ಹ.

ಭಾರತದಲ್ಲಿ ಈ ವಿಷಯ ಯಾರೂ ಮುಟ್ಟದ್ದೇನಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ತಂಬಾಕು ಕೊಯ್ಲುಗಾರರನ್ನು ಪರೀಕ್ಷಿಸಿದ್ದರು. 1987ರಲ್ಲಿ ಅವರು ಪ್ರಕಟಿಸಿದ ಪ್ರಯೋಗವು ಕೈಗವಸು ಮತ್ತು ಪಾದರಕ್ಷೆ ತೊಟ್ಟಾಗ ಮೂತ್ರದಲ್ಲಿನ ನಿಕೋಟಿನ್, ಕೋಟಿನಿನ್ ಪ್ರಮಾಣ ಇಳಿಯುತ್ತದೆ ಎಂದು ತೋರಿಸಿತು. ಪರಿಹಾರ ಅಷ್ಟು ಹಿಂದೆಯೇ ಅಳೆದು ನೋಡಿದ್ದಾಗಿದೆ. ಹಾಗಿದ್ದರೂ ಅದು ಹೊಲಕ್ಕೆ ಇಳಿಯಲಿಲ್ಲವೇಕೆ ಎಂಬುದಕ್ಕೆ ಉತ್ತರ ಹುಡುಕಬೇಕಾದರೆ ಬೆಳೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ತಂಬಾಕಿನ ಗಿಡ ನಿಕೋಟಿನ್ ತಯಾರಿಸುವುದು ಬೇರಿನಲ್ಲಿ. ಅಲ್ಲಿಂದ ನೀರಿನ ನಾಳಗಳ ಮೂಲಕ ಅದು ಎಲೆಗೆ ಏರುತ್ತದೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ವಿಷ ಅದು. ಒಂದು ಕಾಲದಲ್ಲಿ ರೈತರು ನಿಕೋಟಿನ್ ಸಲ್ಫೇಟನ್ನು ಕೀಟನಾಶಕವಾಗಿ ಸಿಂಪಡಿಸುತ್ತಲೂ ಇದ್ದರು. ಗಿಡ ಮೊಗ್ಗು ಬಿಟ್ಟ ಕೂಡಲೇ ಕುಡಿ ಚಿವುಟುವುದು ವರ್ಜೀನಿಯಾ ಬೆಳೆಯಲ್ಲಿ ತಪ್ಪದ ಕೆಲಸ. ಹೂವಿಗೆ ಹೋಗಬೇಕಾದ ಸತ್ವ ಎಲೆಗೆ ತಿರುಗುತ್ತದೆ, ಎಲೆ ಅಗಲವಾಗಿ ದಪ್ಪವಾಗುತ್ತದೆ, ತೂಕ ಬರುತ್ತದೆ. ಜತೆಗೆ ಬೇರು ಚಿಗುರಿ ನಿಕೋಟಿನ್ ತಯಾರಿಯೂ ಜೋರಾಗುತ್ತದೆ. ಗಿಡದ ತಲೆಯ ಭಾಗದ ಎಲೆಗಳಲ್ಲಿ ಬುಡದ ಎಲೆಗಳಿಗಿಂತ ಹೆಚ್ಚು ನಿಕೋಟಿನ್ ಇರುತ್ತದೆ. ಹೀಗಾಗಿ ಹಂಗಾಮು ಮುಂದುವರಿದಂತೆಲ್ಲ, ಮೇಲಿನ ಎಲೆಗಳತ್ತ ಕೈ ಏರಿದಂತೆಲ್ಲ, ಮುರಿಯುವವರ ಕೈಗೆ ತಾಗುವ ವಿಷದ ಸಾಂದ್ರತೆಯೂ ಏರುವ ಸಂಭವವಿದೆ. ಎಲೆಯ ಕಂಕುಳಲ್ಲಿ ಹೊಡೆಯುವ ಚಿಗುರುಗಳನ್ನು ಕೈಯಿಂದ ಕೀಳುವ ಕೆಲಸದಲ್ಲೂ ಅಂಟು ನೇರವಾಗಿ ಬೆರಳಿಗೆ ಹತ್ತುತ್ತದೆ.

ಬೆಳೆ ವಿಜ್ಞಾನ ಇದನ್ನೆಲ್ಲ ಬಲ್ಲದು, ಆದರೆ ಬೇರೊಂದು ಉದ್ದೇಶಕ್ಕಾಗಿ. ರಾಜಮಹೇಂದ್ರವರಂನಲ್ಲಿ 1947ರಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಆರಂಭವಾಯಿತು. ಹುಣಸೂರಿನಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ಮೈಸೂರು ಸೀಮೆಯ ಹಗುರ ಮಣ್ಣಿಗೆ, ಮಳೆಯಾಶ್ರಿತ ಬೇಸಾಯಕ್ಕೆ ಹೊಂದುವ ತಳಿಗಳು, ಸೊರಗು ರೋಗ, ಬೇರುಗಂಟು ಜಂತುಹುಳುಗಳ ಹತೋಟಿ, ಗೊಬ್ಬರದ ಪ್ರಮಾಣ, ಬ್ಯಾರನ್‌ಗಳಲ್ಲಿ ಸೌದೆ ಉಳಿಸುವ ವಿಧಾನ ಇಂಥ ವಿಷಯಗಳಲ್ಲಿ ಅಲ್ಲಿನ ಕೆಲಸ ಕಡಿಮೆಯದಲ್ಲ. ತಂಬಾಕಿನ ಬೇಸಾಯವನ್ನೇ ಕುಗ್ಗಿಸಬೇಕೆಂಬ ನೀತಿಗೆ ಹೊಂದಿಕೊಂಡು ಆ ಸಂಸ್ಥೆ ಈಚೆಗೆ ರಾಷ್ಟ್ರೀಯ ವಾಣಿಜ್ಯ ಕೃಷಿ ಸಂಶೋಧನಾ ಸಂಸ್ಥೆ ಎಂಬ ಹೆಸರನ್ನೂ ಪಡೆದಿದೆ. ಹದ ಮಾಡಿದ ವರ್ಜೀನಿಯಾ ಎಲೆಯಲ್ಲಿ ಸಾಮಾನ್ಯವಾಗಿ ಶೇ 1ರಿಂದ 3ರಷ್ಟಿರುವ ನಿಕೋಟಿನ್ ಅಲ್ಲಿ ಎಲೆಯ ಗುಣಮಟ್ಟದ ಒಂದು ಅಂಶ. ಸಕ್ಕರೆ ಎಷ್ಟು, ನಿಕೋಟಿನ್ ಎಷ್ಟು, ಅವುಗಳ ಅನುಪಾತ ಖರೀದಿದಾರನಿಗೆ ಒಪ್ಪಿಗೆಯೇ ಎಂಬುದು ಪ್ರಶ್ನೆ. ಅದೇ ಅಂಕಿಯನ್ನು ಕೆಲಸಗಾರನಿಗೆ ತಾಗುವ ವಿಷದ ಮಾಪನವಾಗಿ ಓದಲು ಹೊಸ ಪ್ರಯೋಗಾಲಯವೇನೂ ಬೇಕಿಲ್ಲ. ಆ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಲಮು ಎಳೆದರೆ ಸಾಕು.

ನಿಕೋಟಿನ್ ಕಡಿಮೆ ಇರುವ ತಳಿಗಳ ಮಾತು ಜಗತ್ತಿನಲ್ಲಿ ಈಗ ಗಟ್ಟಿಯಾಗಿ ಕೇಳಿಬರುತ್ತಿದೆ. ಸಿಗರೇಟಿನ ತಂಬಾಕಿನಲ್ಲಿ ಗ್ರಾಂಗೆ 0.7 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದೆಂಬ ನಿಯಮವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಜನವರಿಯಲ್ಲಿ ಪ್ರಸ್ತಾಪಿಸಿತು. ಶೇಕಡಾವಾರು ಹೇಳುವುದಾದರೆ ಅದು 0.07, ನಮ್ಮ ಹೊಲಗಳ ಎಲೆಗೆ ಹೋಲಿಸಿದರೆ ಅತ್ಯಲ್ಪ. ಆ ಪ್ರಸ್ತಾಪದ ಪರವಾಗಿ ಮಂಡಿಸಿದ ವಾದವೆಲ್ಲ ಸೇದುವವನ ಚಟದ ಸುತ್ತಲೇ ಇದೆ. ಅಂಥ ಎಲೆ ಹೊಲದಲ್ಲಿ ಬೆಳೆದರೆ ಅದನ್ನು ಮುರಿಯುವವರಿಗೂ ಲಾಭವಾದೀತೆಂಬುದು ಚರ್ಚೆಯ ಅಂಚಿನಲ್ಲೂ ಬಂದಂತಿಲ್ಲ.

ಇನ್ನು ನಡವಳಿಕೆಯ ವಿಷಯ. ಕೈಗವಸು ಕೊಟ್ಟರೂ ಹಾಕಿಕೊಳ್ಳುವುದಿಲ್ಲ, ಹೇಳಿದರೂ ಕೇಳುವುದಿಲ್ಲ ಎಂಬ ದೂರು ಹೊಲದಲ್ಲಿ, ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ ಕೂಡ ಕೇಳಿಬರುವಂಥದ್ದು. ಅಪಾಯ ಗೊತ್ತಿರುವುದಕ್ಕೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದಕ್ಕೂ ನಡುವೆ ಕೆಲಸದ ವೇಗ, ಕೂಲಿ, ಜತೆಗಾರರ ಕಣ್ಣು ಇವೆಲ್ಲ ನಿಂತಿರುತ್ತವೆಂಬುದನ್ನು ಕೆಲಸದ ಸ್ಥಳದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಹೊಗೆಸೊಪ್ಪಿನ ಹೊಲದಲ್ಲಿ ಇದು ಕಣ್ಣಿಗೆ ಕಾಣುವಷ್ಟು ನಿಚ್ಚಳ. ಮಾಗಿದ ಎಲೆ ಯಾವುದು, ಇನ್ನೂ ನಾಲ್ಕು ದಿನ ಬಿಡಬೇಕಾದ ಎಲೆ ಯಾವುದು ಎಂಬುದನ್ನು ನುರಿತ ಕೈ ಕಣ್ಣಿನಷ್ಟೇ ಬೆರಳಿನಿಂದಲೂ ಗುರುತಿಸುತ್ತದೆ. ದಪ್ಪ ರಬ್ಬರಿನ ಗವಸು ಆ ಸ್ಪರ್ಶವನ್ನು ಕಸಿದುಕೊಳ್ಳುತ್ತದೆ, ಅಂಟು ಮೆತ್ತಿ ಎರಡೇ ಸಾಲಿಗೆ ಜಾರತೊಡಗುತ್ತದೆ, ಒಳಗೆ ಕೈ ಬೆವರುತ್ತದೆ. ಕಡ್ಡಿಗೆ ದಾರ ಸುತ್ತಿ ಎಲೆ ಕಟ್ಟುವ ಹೆಂಗಸರಿಗಂತೂ ಗವಸು ಹಾಕಿ ಗಂಟು ಹಾಕುವುದು ಆಗದ ಮಾತು. ಮಳೆಯ ಅಂಗಿ ತೊಟ್ಟರೆ ನಿಕೋಟಿನ್ ತಡೆಯಬಹುದು, ಆದರೆ ಒಳಗಿನ ಸೆಕೆಯಿಂದ ಬೇರೆ ಬಾಧೆ ಬರಬಹುದು. ಹೀಗಿರುವಾಗ ಕೆಲಸಗಾರರ ಅಸಡ್ಡೆಯನ್ನು ದೂರುವುದು ಅರ್ಧ ನಿಜವಷ್ಟೇ. ಆ ಕೆಲಸಕ್ಕೆ ತಕ್ಕ ತೆಳು ಗವಸನ್ನು ಯಾರೂ ವಿನ್ಯಾಸ ಮಾಡಿ ಕೊಡಲಿಲ್ಲ ಎಂಬುದು ಉಳಿದರ್ಧ.

ಇಬ್ಬನಿ ಆರಿದ ಮೇಲೆ ಮುರಿಯಿರಿ ಎಂಬ ಸಲಹೆ ಅಮೆರಿಕದ ಕೈಪಿಡಿಗಳಲ್ಲಿದೆ. ಕೇಳಲು ಸರಳ. ಆಂಧ್ರದ ಹಿಂಗಾರಿನ ಬೆಳೆಗೆ ಅದು ಸ್ವಲ್ಪಮಟ್ಟಿಗೆ ಹೊಂದೀತು. ಮೈಸೂರು ಸೀಮೆಯಲ್ಲಿ ಕೊಯ್ಲಿನ ತಿಂಗಳುಗಳೇ ಜಡಿಮಳೆಯ ತಿಂಗಳುಗಳು. ಎಲೆ ಆರುವುದನ್ನು ಕಾಯುತ್ತ ಕುಳಿತರೆ ದಿನವೇ ಕಳೆದೀತು. ಅದಕ್ಕಿಂತ ಬಿಗಿಯಾದ ಗಡುವು ಬ್ಯಾರನ್ನಿನದು. ಒಂದು ಬ್ಯಾರನ್‌ಗೆ ಬೇಕಾದಷ್ಟು ಸೊಪ್ಪನ್ನು ಒಂದೇ ದಿನ ಮುರಿದು, ಕಟ್ಟಿ, ಏರಿಸಿ, ಬೆಂಕಿ ಹಾಕಬೇಕು; ಏಕೆಂದರೆ ಒಳಗಿನ ಎಲೆಯೆಲ್ಲ ಒಟ್ಟಿಗೆ ಹಳದಿಗೆ ತಿರುಗಿ, ಒಟ್ಟಿಗೆ ಒಣಗಬೇಕು. ಆರೇಳು ದಿನದ ಆ ಸುತ್ತು ಮುಗಿಯುವಷ್ಟರಲ್ಲಿ ಹೊಲದಲ್ಲಿ ಮುಂದಿನ ಎಲೆ ಮಾಗಿರುತ್ತದೆ. ಎರಡು ದಿನ ತಡವಾದರೆ ಎಲೆ ಬಲಿತುಹೋಗಿ ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ಮುಯ್ಯಾಳಿಗೆ, ಅಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ ಬಂದ ನೆರೆಯವರು ಇಂದು ಇಲ್ಲಿ ಮುರಿದು ನಾಳೆ ತಮ್ಮ ಹೊಲಕ್ಕೆ ಹೋಗಬೇಕು. ಈ ಸರಪಳಿಯಲ್ಲಿ ವಾಂತಿ ಮಾಡಿಕೊಂಡವಳು ಒಂದು ದಿನ ಮಲಗಿದರೆ ಅದು ಅವಳೊಬ್ಬಳ ಕೂಲಿಯ ನಷ್ಟವಾಗಿ ಉಳಿಯುವುದಿಲ್ಲ. ಸಾಲದ ಮುಯ್ಯಿ ಉಳಿದುಬಿಡುತ್ತದೆ.

ಲೆಕ್ಕ ತಪ್ಪಿಸುವ ಇನ್ನೊಂದು ಸಂಗತಿಯೂ ಇದೆ. ತಂಬಾಕು ಬಳಸುವವರ ಮೈ ನಿಕೋಟಿನ್‌ಗೆ ಒಗ್ಗಿಕೊಂಡಿರುವುದರಿಂದ ಅವರಲ್ಲಿ ಈ ಕಾಯಿಲೆಯ ಲಕ್ಷಣಗಳು ಕಡಿಮೆ ಎಂದು ನಾರ್ತ್ ಕೆರೊಲಿನಾದ ಅಧ್ಯಯನಗಳು ಕಂಡುಕೊಂಡಿವೆ. ಹೊಸಬರಿಗೆ ಹೆಚ್ಚು, ಹಳಬರಿಗೆ ಕಡಿಮೆ ಎಂಬುದೂ ಕಂಡಿದೆ. ಇದಕ್ಕೆ ಒಗ್ಗಿಕೊಳ್ಳುವಿಕೆ ಕಾರಣವಿರಬಹುದು. ತಡೆಯಲಾರದವರು ಮೊದಲ ವಾರದಲ್ಲೇ ಕೆಲಸ ಬಿಟ್ಟು ಹೋಗಿದ್ದರಿಂದ ಉಳಿದವರು ಗಟ್ಟಿಗರಾಗಿ ಕಾಣುವುದೂ ಇರಬಹುದು. ಹಂಗಾಮಿನ ಕೊನೆಯಲ್ಲಿ ಹೋಗಿ ಸಮೀಕ್ಷೆ ಮಾಡಿದ ಸಂಶೋಧಕನಿಗೆ ಇಲ್ಲಿ ಅಂಥದ್ದೇನಿಲ್ಲ ಎಂದೇ ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ಬೀಡಿ ಸೇದದ, ಹೊಗೆಸೊಪ್ಪು ಅಗಿಯದ ಹೆಂಗಸರು ಮತ್ತು ಹದಿಹರೆಯದವರೇ ಈ ಲೆಕ್ಕದಲ್ಲಿ ಮುಖ್ಯ. ಕಿರಿಯರ ಮೈತೂಕ ಕಡಿಮೆಯಾದ್ದರಿಂದ ಅಷ್ಟೇ ನಿಕೋಟಿನ್ ಅವರಲ್ಲಿ ಹೆಚ್ಚು ಬಾಧಿಸುತ್ತದೆ. ಬಸುರಿಯರ ವಿಷಯದಲ್ಲಿ ಎಚ್ಚರ ಇನ್ನೂ ಬೇಕು, ಏಕೆಂದರೆ ನಿಕೋಟಿನ್ ಮಾಸುವನ್ನು ದಾಟಿ ಭ್ರೂಣವನ್ನು ತಲುಪುತ್ತದೆ.

ಇಂಥ ಹೆಂಗಸೊಬ್ಬಳು ಆಸ್ಪತ್ರೆಗೆ ಬಂದಳೆನ್ನಿ. ಕೇಸ್ ಷೀಟಿನಲ್ಲಿ ಬೀಡಿ, ಸಿಗರೇಟು, ಮದ್ಯ, ಎಲೆಅಡಿಕೆಯ ಅಭ್ಯಾಸ ಕೇಳುವ ಸಾಲು ಇರುತ್ತದೆ. ವೈದ್ಯ ವಿದ್ಯಾರ್ಥಿಗೆ ಅದನ್ನು ಮೊದಲ ವರ್ಷಗಳಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಆ ಸಾಲಿಗೆ ಈಕೆಯ ಉತ್ತರ ಇಲ್ಲ ಎಂದು. ಉದ್ಯೋಗದ ಸಾಲಿನಲ್ಲಿ ಕೂಲಿ ಎಂದೋ ಗೃಹಿಣಿ ಎಂದೋ ಬರೆದುಬಿಟ್ಟರೆ ತಂಬಾಕಿಗೂ ಈ ರೋಗಿಗೂ ಸಂಬಂಧವೇ ಇಲ್ಲವೆಂದು ಕಾಗದ ಸಾರುತ್ತದೆ. ರೋಗಿಯನ್ನು ನೋಡುವಾಗ ನಿನ್ನ ಕಸುಬೇನು ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲೇ ಬರೆದಿದ್ದ. ತಂಬಾಕು ಪುಡಿ ಮಾಡುವವರ ತಲೆನೋವು, ಹೊಟ್ಟೆ ತೊಳಸುವಿಕೆಯನ್ನೂ ವರ್ಣಿಸಿದ್ದ. ಮುನ್ನೂರು ವರ್ಷದ ಹಳೆಯ ಪ್ರಶ್ನೆ ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಒಂದು ಪದಕ್ಕೆ ಇಳಿದಿದೆ.

ಈ ಪ್ರಶ್ನೆ ಕೇಳದೇ ಇದ್ದರೆ ಆಗುವ ನಷ್ಟ ದಾಖಲೆಯದಷ್ಟೇ ಆಗಿರುವುದಿಲ್ಲ. ವಾಂತಿ, ಜೊಲ್ಲು, ಬೆವರು, ಹೊಟ್ಟೆ ಹಿಂಡುವ ನೋವು, ನಿತ್ರಾಣ ಇವು ಆರ್ಗ್ಯಾನೊಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷಬಾಧೆಯಲ್ಲೂ ಬರುತ್ತವೆ. ಕೀಟನಾಶಕದ ಬಾಧೆಯಲ್ಲಿ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟ ಕುಸಿದಿರುತ್ತದೆ, ಕಣ್ಣಿನ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟು ಕಿರಿದಾಗಿರುತ್ತದೆ. ಹಸಿರು ತಂಬಾಕು ಕಾಯಿಲೆಯಲ್ಲಿ ಕೋಲಿನೆಸ್ಟರೇಸ್ ಸಹಜವಾಗಿಯೇ ಇರುತ್ತದೆ. ಮೊದಲನೆಯದು ಜೀವಕ್ಕೆ ಕುತ್ತು ತರುವಂಥದ್ದಾದ್ದರಿಂದ ಅನುಮಾನವಿದ್ದಾಗ ವೈದ್ಯರು ಅದನ್ನೇ ಮುಂದಿಟ್ಟುಕೊಂಡು ಚಿಕಿತ್ಸೆ ಮಾಡುವುದು ಸರಿಯಾದ ಕ್ರಮ. ಎರಡನೆಯದಕ್ಕೆ ಬಹುತೇಕ ಸಂದರ್ಭಗಳಲ್ಲಿ ಬೇಕಾದದ್ದು ಒದ್ದೆ ಬಟ್ಟೆ ತೆಗೆದು, ಸೋಪು ನೀರಿನಿಂದ ಮೈ ತೊಳೆದು, ವಾಂತಿ ನಿಲ್ಲಿಸುವ ಔಷಧಿ, ದ್ರವ ಕೊಟ್ಟು, ಒಂದೆರಡು ದಿನ ಹೊಲದಿಂದ ದೂರ ಇರಿಸುವುದು. ಆ ಮೊದಲ ಹೆಜ್ಜೆಯೇ ತಪ್ಪಿಹೋಗುವುದುಂಟು: ನಿಕೋಟಿನ್ ನೆನೆದ ಅಂಗಿಯಲ್ಲೇ ರೋಗಿಗೆ ಗ್ಲೂಕೋಸ್ ಹಾಕಿ ಮಲಗಿಸಿದರೆ ವಿಷ ಒಳಗೆ ಹೋಗುತ್ತಲೇ ಇರುತ್ತದೆ. ಅನುಮಾನ ಖಚಿತಪಡಿಸಲು ಕೋಟಿನಿನ್ ಪರೀಕ್ಷೆ ಇದೆ. ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿದರೆ ಕೋಟಿನಿನ್‌ಗೆ ಹದಿನಾರು ಗಂಟೆಯ ಮೇಲೆ ಬೇಕು. ಮರುದಿನ ಬಂದ ರೋಗಿಯಲ್ಲೂ ಅದು ಸಿಗುತ್ತದೆ. ತಂಬಾಕು ಬಳಸುವವರಲ್ಲಿ ಈ ಪರೀಕ್ಷೆ ಗೊಂದಲ ತರುತ್ತದೆ ನಿಜ. ಬಳಸದ ಹೆಂಗಸರಲ್ಲಿ ಅದು ಸಾಕಷ್ಟು ನೇರವಾದ ಸಾಕ್ಷ್ಯ.

ಕಾನೂನಿನ ನೋಟವೂ ವಿಚಿತ್ರವಾಗಿ ಒಡೆದಿದೆ. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯಡಿ 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲು, ಆಸ್ಪತ್ರೆಯಂಥ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. ಕರ್ನಾಟಕವು ತನ್ನ ತಿದ್ದುಪಡಿಯನ್ನು 2025ರಲ್ಲಿ ಜಾರಿಗೆ ತಂದು ದಂಡವನ್ನು 1,000 ರೂಪಾಯಿಗೂ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೂ ಏರಿಸಿತು. ಬೇರೊಬ್ಬರು ಸೇದಿದ ಸಿಗರೇಟಿನ ಹೊಗೆಯಿಂದ ಗುಮಾಸ್ತನನ್ನು ಕಾಪಾಡುವ ಏರ್ಪಾಡು ಇದು, ಒಳ್ಳೆಯದೇ. ಅದೇ ರಾಜ್ಯದಲ್ಲಿ, 21 ತುಂಬದ ಕಾರಣ ಸಿಗರೇಟು ಕೊಳ್ಳಲಾಗದ ಹುಡುಗಿ ಹಲವು ಸಿಗರೇಟುಗಳಷ್ಟು ನಿಕೋಟಿನ್ ಕರಗಿದ ನೀರಿನಲ್ಲಿ ಬೆಳಗಿನಿಂದ ನೆನೆಯುವುದಕ್ಕೆ ಆ ಕಾಯ್ದೆಯಲ್ಲಿ ಮಾತಿಲ್ಲ. ಕಾರ್ಮಿಕ ಕಾನೂನುಗಳತ್ತ ತಿರುಗಿದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯು ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳನ್ನೂ ಕಾಫಿ, ಚಹಾ, ರಬ್ಬರಿನಂಥ ದೊಡ್ಡ ತೋಟಗಳನ್ನೂ ಮನಸ್ಸಿನಲ್ಲಿಟ್ಟುಕೊಂಡದ್ದು. ಎರಡು ಮೂರು ಎಕರೆಯ ಹೊಗೆಸೊಪ್ಪಿನ ಹೊಲ, ಮನೆಮಂದಿ ಮತ್ತು ಮುಯ್ಯಾಳುಗಳ ದುಡಿಮೆ ಅದರ ಚೌಕಟ್ಟಿಗೆ ಬರುವುದು ಕಷ್ಟ. ಅಮೆರಿಕದಲ್ಲೂ ಹೀಗೆಯೇ: 2015ರಲ್ಲಿ ಅಲ್ಲಿನ ಔದ್ಯೋಗಿಕ ಸುರಕ್ಷತಾ ಇಲಾಖೆ ಈ ಕಾಯಿಲೆಯ ಬಗ್ಗೆ ಕೈಗವಸು, ಉದ್ದ ತೋಳಿನ ಅಂಗಿ, ತರಬೇತಿಯ ಶಿಫಾರಸುಗಳನ್ನು ಹೊರಡಿಸಿತು, ಚಿಕ್ಕ ಹೊಲಗಳ ಮೇಲೆ ಅದಕ್ಕೆ ಕ್ರಮದ ಅಧಿಕಾರವಿಲ್ಲ.

ಇನ್ನೊಂದೆಡೆ ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 18ನೇ ವಿಧಿ, ತಂಬಾಕು ಬೇಸಾಯ ಮತ್ತು ತಯಾರಿಕೆಯಲ್ಲಿ ತೊಡಗಿದವರ ಆರೋಗ್ಯಕ್ಕೆ ತಕ್ಕ ಗಮನ ಕೊಡಬೇಕೆನ್ನುತ್ತದೆ. 17ನೇ ವಿಧಿ ಬದಲಿ ಬೆಳೆಗಳ ಕುರಿತದ್ದು. ನಮ್ಮ ಚರ್ಚೆಯೆಲ್ಲ 17ರ ಸುತ್ತ ನಡೆಯುತ್ತದೆ, 18 ಬಹುತೇಕ ಮರೆತಿದೆ. ತಂಬಾಕು ಬಿಡಿಸಿಬಿಟ್ಟರೆ ಸಮಸ್ಯೆಯೇ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಆ ಗುರಿ ಒಪ್ಪತಕ್ಕದ್ದೇ. ಆದರೆ ಕರ್ನಾಟಕದಿಂದ ವರ್ಷಕ್ಕೆ ಸುಮಾರು 10 ಕೋಟಿ ಕೆ.ಜಿ. ಆಸುಪಾಸಿನಲ್ಲಿ ವರ್ಜೀನಿಯಾ ಎಲೆ ಬೆಳೆಯಲು ತಂಬಾಕು ಮಂಡಳಿಯೇ ಅನುಮತಿ ಕೊಡುತ್ತಿರುವಾಗ, ಅದನ್ನು ಮುರಿಯುವ ಕೈಗಳ ಪ್ರಶ್ನೆಯನ್ನು ಬೆಳೆ ನಿಲ್ಲುವ ದಿನದವರೆಗೆ ಮುಂದೂಡುವುದರಲ್ಲಿ ಅರ್ಥವಿಲ್ಲ.

ಖರ್ಚು ಯಾರದ್ದೆಂಬ ತೊಡಕು ಉಳಿಯುತ್ತದೆ. ಕಂಪನಿಗಳು ರೈತರೊಡನೆ ನೇರ ಒಪ್ಪಂದ ಮಾಡಿಕೊಳ್ಳುವ ದೇಶಗಳಲ್ಲಿ ಗವಸು, ತರಬೇತಿಯನ್ನು ಒಪ್ಪಂದದ ಷರತ್ತಾಗಿ ಸೇರಿಸಲು ಅವಕಾಶವಿದೆ. ನಮ್ಮಲ್ಲಿ ಎಲೆ ಮಾರಾಟವಾಗುವುದು ಕಟ್ಟೆಮಳಲವಾಡಿ, ಕಂಪಲಾಪುರ, ರಾಮನಾಥಪುರದಂಥ ಹರಾಜು ಕೇಂದ್ರಗಳಲ್ಲಿ. ದರದ ಪಾರದರ್ಶಕತೆಯ ದೃಷ್ಟಿಯಿಂದ ಅದು ರೈತನಿಗೆ ಅನುಕೂಲದ್ದೇ. ಆದರೆ ಹರಾಜಿಗಿಟ್ಟ ಎಲೆಯ ಹೊರೆಯ ಬಣ್ಣ, ಮೈ, ದರ್ಜೆ ನೋಡಿ ಬೆಲೆ ಕೂಗುವ ಖರೀದಿದಾರನಿಗೆ ಅದನ್ನು ಮುರಿದವರು ಯಾರೆಂದು ಕೇಳುವ ಕಾರಣವೇ ಹುಟ್ಟುವುದಿಲ್ಲ. ಆ ಕೊಂಡಿ ಇರುವುದು ಮಂಡಳಿಯ ಕೈಯಲ್ಲಿ. ನೋಂದಾಯಿತ ಬೆಳೆಗಾರ ಯಾರು, ಬ್ಯಾರನ್ ಪರವಾನಗಿ ಎಷ್ಟು, ಯಾವ ಹಳ್ಳಿಯಲ್ಲಿ ಎಂಬ ಪಟ್ಟಿ ಅದರ ಬಳಿ ಇದೆ; ಗೊಬ್ಬರವನ್ನು ಸಗಟಾಗಿ ತರಿಸಿ ಬೆಳೆಗಾರರಿಗೆ ಹಂಚುವ ವ್ಯವಸ್ಥೆಯೂ ಇದೆ. ಬಿತ್ತನೆಗೆ ಮುಂಚೆ ಗೊಬ್ಬರದ ಚೀಲದೊಂದಿಗೆ ಒಂದು ಬ್ಯಾರನ್‌ಗೆ ಇಷ್ಟು ಜೊತೆ ಎಂದು ತೆಳು ಗವಸು ಕೊಡುವುದಕ್ಕೆ ಹೊಸ ಇಲಾಖೆ ಬೇಕಾಗುವುದಿಲ್ಲ. ಹುಣಸೂರಿನ ಕೇಂದ್ರ ಯಾವ ತಳಿಯ, ಯಾವ ಎತ್ತರದ ಎಲೆಯಲ್ಲಿ ಯಾವ ವಾರ ನಿಕೋಟಿನ್ ಎಷ್ಟಿರುತ್ತದೆಂದು ಹಂಗಾಮಿನುದ್ದಕ್ಕೂ ತಿಳಿಸಬಲ್ಲದು. ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತಾಲ್ಲೂಕು ಆಸ್ಪತ್ರೆಗಳು ಜುಲೈಯಿಂದ ಸೆಪ್ಟೆಂಬರ್‌ವರೆಗೆ ವಾಂತಿ, ತಲೆಸುತ್ತು ಎಂದು ಬರುವ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಿ ರಿಜಿಸ್ಟರಿನಲ್ಲಿ ಬರೆದಿಡಬಹುದು: ನಿನ್ನೆ ಇಂದಿನಲ್ಲಿ ಹಸಿ ಸೊಪ್ಪು ಮುರಿದಿರೋ, ಕಟ್ಟಿದಿರೋ? ಬಟ್ಟೆ ನೆನೆದಿತ್ತೋ? ಒಂದು ಹಂಗಾಮಿನ ಆ ರಿಜಿಸ್ಟರನ್ನು ಎಲೆಯ ನಿಕೋಟಿನ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ, ಕಾಯಿಲೆ ಮೊದಲ ಕೊಯ್ಲಿನಲ್ಲಿ ಹೆಚ್ಚೋ ತಲೆ ಎಲೆಯ ಕೊಯ್ಲಿನಲ್ಲಿ ಹೆಚ್ಚೋ, ಮುರಿಯುವವರಿಗೆ ಹೆಚ್ಚೋ ಕಡ್ಡಿಗೆ ಕಟ್ಟುವವರಿಗೆ ಹೆಚ್ಚೋ ಎಂಬುದು ಗೊತ್ತಾಗುತ್ತದೆ. ಗವಸು ಮೊದಲು ಯಾರ ಕೈಗೆ ಹೋಗಬೇಕು, ಅದು ಎಷ್ಟು ತೆಳುವಾಗಿರಬೇಕು ಎಂಬ ತೀರ್ಮಾನವನ್ನು ಆ ಅಂಕಿಗಳ ಮೇಲೆ ಮಾಡಬಹುದು.